ಏನನ್ನೂ ಹಿಡಿಯದೆ ನಿಂತವರು

ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಲ್ಲುವುದು ಎಷ್ಟು ಕಷ್ಟವೆಂದು ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದ ನನ್ನಂಥ ಟೀಚರುಗಳಿಗೆ ಗೊತ್ತು. ಒಂದು ಕೈಯಲ್ಲಿ ಉತ್ತರ ಪತ್ರಿಕೆಗಳ ಚೀಲ, ಇನ್ನೊಂದು ಕೈ ಮೇಲಿನ ಸರಳಿಗೆ. ಈ ನಡುವೆ ಸೆರಗು ಜಾರಿದರೆ ದೇವರೇ ಗತಿ. ಆದರೆ ನಮ್ಮ ಬಸ್ಸಿನ ಕಂಡಕ್ಟರು ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ತಮ್ಮ ಮನೆಯ ಜಗಲಿಯ ಮೇಲೆ ಓಡಾಡುವಂತೆ ಓಡಾಡುತ್ತಿದ್ದರು. ಅವರು ಸರಳು ಹಿಡಿದದ್ದನ್ನು ನಾನು ನೋಡಿರಲೇ ಇಲ್ಲ. ಹಿರಿಯಡ್ಕ ದಾಟಿದ ಮೇಲೆ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕ್ಷಮೆ ಕೇಳಿಕೊಳ್ಳುವ ಹೊತ್ತಿನಲ್ಲಿ ಅವರು ನೆಟ್ಟಗೆ ನಿಂತು ಯಾರದೋ ಚಿಲ್ಲರೆ ಹುಡುಕುತ್ತಿರುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೇ ಆ ಹೆಸರು ಬೇಕಾದಷ್ಟು ಬಾಯಿಗಳಿಗೆ ಸಿಕ್ಕಿ ಹಾಳಾಗಿದೆ. ಬಸ್ಸಿನ ಹೆಸರನ್ನೂ ಬರೆಯುವುದಿಲ್ಲ. ಅದರ ಧಣಿಗಳು ಇನ್ನೂ ಇದ್ದಾರೆ, ಬಸ್ಸೂ ಓಡುತ್ತಿದೆ, ನಾನೂ ಅದರಲ್ಲೇ ಹೋಗಿಬರಬೇಕು. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ, ಪರ್ಕಳದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸು ಎಂದರೆ ಸಾಕು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಅವರ ಬಗ್ಗೆ ಊರು ಹೇಳಿದ್ದು ಒಂದು, ನಾನು ಕಂಡದ್ದು ಇನ್ನೊಂದು. ಕಂಡದ್ದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ಬಾಗಲಕೋಟೆಯ ಕಡೆಯವಳು. ಕಾರ್ಕಳದ ಶಾಲೆಗೆ ನೇಮಕವಾಗಿ, ಬಾಡಿಗೆ ಕಡಿಮೆಯೆಂದು ಪರ್ಕಳದಲ್ಲಿ ಕೋಣೆ ಹಿಡಿದಿದ್ದೆ. ಮೊದಲ ದಿನ ಬಸ್ಸು ಬಂದು ನಿಂತಾಗ, "ಕಾರ್ಕಳಕ್ಕ ಹೋಗ್ತೈತೇನ್ರಿ?" ಎಂದು ಕೇಳಿದೆ. ಬಾಗಿಲಲ್ಲಿ ನಿಂತಿದ್ದ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೋಗ್ತದೆ, ಹತ್ತಿ. ಜಾಗ ಇಲ್ಲ, ಆದರೆ ಹೋಗ್ತದೆ" ಎಂದರು. ಬಸ್ಸಿನಲ್ಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ಆದರೆ ಮುಂದಿನ ನಿಲ್ದಾಣದಲ್ಲಿ ಎದ್ದುಹೋದವರ ಸೀಟಿಗೆ ಇನ್ಯಾರೋ ಕೂರಲು ಹೋದಾಗ ಅವರು ಅಡ್ಡ ಕೈ ಹಿಡಿದು, ಟೀಚರು ಹೊಸಬರು, ನಮ್ಮ ರಸ್ತೆ ಅವರಿಗೆ ಅಭ್ಯಾಸವಾಗಲಿ ಎಂದು ನನ್ನನ್ನು ಕೂರಿಸಿದರು. ನಾನು ಟೀಚರು ಎಂದು ಹೇಗೆ ಗೊತ್ತಾಯಿತೆಂದು ಆಮೇಲೆ ಒಮ್ಮೆ ಕೇಳಿದ್ದೆ. ಬೆಳಿಗ್ಗೆ ಬೆಳಿಗ್ಗೆ ಯಾರ ಮೇಲೂ ಇಲ್ಲದ ಸಿಟ್ಟು ಮುಖದಲ್ಲಿದ್ದರೆ ಅವರು ಟೀಚರೇ ಎಂದರು.

ಹೀಗೆ ಶುರುವಾದ ಪರಿಚಯ. ನನಗೆ ತುಳು ಕಲಿಸಿದವರು ಅವರೇ. ಕಲಿಸಿದ ಮೊದಲ ಮಾತು 'ಪಿರ ಪೋಲೆ', ಹಿಂದೆ ಹೋಗಿ ಎಂದು. ತರಗತಿಯಲ್ಲಿ ಮೇಜಿನ ಸುತ್ತ ಮುತ್ತಿಕೊಳ್ಳುವ ಮಕ್ಕಳಿಗೆ ನಾನು ಅದೇ ಧಾಟಿಯಲ್ಲಿ 'ಪಿರ ಪೋಲೆ' ಎಂದಾಗ ಮಕ್ಕಳು ಬಸ್ಸಿನಲ್ಲಿದ್ದವರಂತೆಯೇ ಹಿಂದಕ್ಕೆ ಸರಿದರು. ಅದನ್ನು ಅವರಿಗೆ ಹೇಳಿದೆ. ನಕ್ಕೂ ನಕ್ಕೂ ಅವರು ಸೀಟಿ ಊದುವುದನ್ನೇ ಮರೆತದ್ದರಿಂದ ಬಸ್ಸು ಒಂದು ನಿಲ್ದಾಣ ಮುಂದೆ ಹೋಯಿತು.

ಡ್ರೈವರು ಅವರ ಹಳೆಯ ಜೊತೆಗಾರರು. ಅವರಿಗೆ ಹಿರಿಯಡ್ಕದ ಅಂಗಡಿಯ ಚಹಾ ಆಗಲೇಬೇಕು, ಆದರೆ ನಿಲ್ಲಿಸಿ ಕುಡಿಯಲು ಸಮಯವಿಲ್ಲ. ನಮ್ಮ ಕಂಡಕ್ಟರು ಹಿಂದಿನ ಬಾಗಿಲಿನಿಂದಲೇ ಗ್ಲಾಸು ತೆಗೆದುಕೊಳ್ಳುತ್ತಿದ್ದರು. ಬಸ್ಸು ಹೊರಟಾಗಿರುತ್ತಿತ್ತು. ತುಂಬಿದ ಗ್ಲಾಸನ್ನು ಎತ್ತಿ ಹಿಡಿದು, ನಿಂತವರ ನಡುವೆ ನುಸುಳಿ, ಮುಂದೆ ಡ್ರೈವರಿನ ಕೈಗೆ ಕೊಡುವಾಗ ಒಂದು ಹನಿ ಯಾರ ಮೇಲೂ ಬಿದ್ದಿರುವುದಿಲ್ಲ. ಇದು ನಮಗೆಲ್ಲ ದಿನದ ನಾಟಕ. ಕಾಲೇಜು ಹುಡುಗರು ಇವತ್ತು ಚೆಲ್ಲುತ್ತದೆ ಎಂದು ಪಂತ ಕಟ್ಟಿ ಸೋಲುತ್ತಿದ್ದರು.

ಸಂಜೆಯ ಬಸ್ಸಿನಲ್ಲಿ ಕುಡಿದವರು ಇದ್ದೇ ಇರುತ್ತಾರೆ. ಬೇರೆ ಕಂಡಕ್ಟರುಗಳು ಅವರನ್ನು ಹತ್ತಿಸುವುದಿಲ್ಲ, ಹತ್ತಿದರೂ ವಾಂತಿ ಮಾಡಿಯಾರೆಂದು ದಾರಿಯಲ್ಲಿ ಇಳಿಸಿಬಿಡುತ್ತಾರೆ. ಇವರು ಮಾತ್ರ ಕುಡಿದವನನ್ನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅವನ ನಿಲ್ದಾಣ ಬಂದಾಗ ತೋಳು ಹಿಡಿದು ಇಳಿಸಿ, ಅವನು ನೆಲದ ಮೇಲೆ ಸರಿಯಾಗಿ ನಿಂತ ಮೇಲೆ ಸೀಟಿ ಊದುತ್ತಿದ್ದರು. ಇದರಿಂದ ನಮಗೆಲ್ಲ ತಡವಾಗುತ್ತಿತ್ತು. ಒಂದು ದಿನ ನಾನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ, ಕುಡುಕರಿಗೆ ಇಷ್ಟು ಮರ್ಯಾದೆ ಯಾಕೆಂದು.

"ಕುಡಿದವನಿಗೂ ಮನೆ ಉಂಟಲ್ಲ ಟೀಚರೇ" ಎಂದರು. "ಅವನನ್ನು ದಾರಿಯಲ್ಲಿ ಇಳಿಸಿದರೆ ಮನೆಯಲ್ಲಿ ಕಾಯುವವರು ಎಂತ ಮಾಡಬೇಕು?"

ಅವರ ಅಪ್ಪನನ್ನು ಹಾಗೆ ಯಾರೋ ಒಮ್ಮೆ ದಾರಿಯಲ್ಲಿ ಇಳಿಸಿದ್ದರಂತೆ. ಕಾರ್ಕಳದ ಕಡೆಯ ಹಳ್ಳಿ, ಮಳೆಗಾಲ. ಮರುದಿನ ಗದ್ದೆಯ ಬದಿಯ ನೀರಿನಲ್ಲಿ ಸಿಕ್ಕಿದರಂತೆ. ಅವತ್ತೇ ತಾಯಿಯ ತಲೆ ಮುಟ್ಟಿ, ತಾನು ಜನ್ಮದಲ್ಲಿ ಕುಡಿಯುವುದಿಲ್ಲ ಎಂದು ಹೇಳಿದವರು ಇವರು. ಆ ಮಾತನ್ನು ಅವರು ಉಳಿಸಿಕೊಂಡ ಬಗೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಡ್ರೈವರು ಹೊಸ ಮನೆ ಕಟ್ಟಿದಾಗ ನಾವು ದಿನದ ಪ್ರಯಾಣಿಕರೆಲ್ಲ ಊಟಕ್ಕೆ ಹೋಗಿದ್ದೆವು. ಗಂಡಸರ ಸಾಲಿನಲ್ಲಿ ಕಳ್ಳಿನ ಕೊಡ ಬರುವುದು ಕಂಡ ಕೂಡಲೇ ಇವರು ತಮ್ಮ ಲೋಟವನ್ನು ಎಲೆಯ ಪಕ್ಕದಲ್ಲಿ ಬೋರಲು ಹಾಕಿದರು. ಬೇಡ ಎನ್ನಲಿಲ್ಲ, ಬಡಿಸುವವನ ಮುಖ ನೋಡಲಿಲ್ಲ, ಮಾತು ನಿಲ್ಲಿಸಲಿಲ್ಲ. ಪಕ್ಕದವರು ಛೇಡಿಸಿದರು, ಇವರು ನಕ್ಕರು, ಲೋಟ ಮಾತ್ರ ಊಟ ಮುಗಿಯುವವರೆಗೆ ಹಾಗೆಯೇ ಇತ್ತು. ನೀರನ್ನೂ ಅದರಲ್ಲಿ ಕುಡಿಯಲಿಲ್ಲ.

ಚಟವೆಂದರೆ ಬೀಡಿ. ಕಾರ್ಕಳದಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಿದ ಮೇಲೆ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಒಂದಾದ ಮೇಲೊಂದು ಸೇದುತ್ತಿದ್ದರು. ಅದಕ್ಕೆ ಅವರನ್ನು ಯಾರೂ ಒಂದು ಮಾತು ಅಂದದ್ದಿಲ್ಲ. ಮಾಡಿದ ತಪ್ಪಿಗೆ ಎಲ್ಲರೂ ಸುಮ್ಮನಿದ್ದರು, ಮಾಡದ ತಪ್ಪಿಗೆ ಊರೇ ತೀರ್ಪು ಕೊಟ್ಟಿತು.

ಅವರು ಮೊದಲ ಬಾರಿ ಸರಳು ಹಿಡಿದ ಬೆಳಿಗ್ಗೆ ನನಗೆ ನೆನಪಿದೆ. ಹಿರಿಯಡ್ಕದ ಅದೇ ತಿರುವಿನಲ್ಲಿ ಅವರ ಕೈ ತಟ್ಟನೆ ಮೇಲೆ ಹೋಯಿತು. ಹಿಡಿದುಕೊಂಡು, ಹಿಡಿದ ಕೈಯನ್ನೇ ಒಮ್ಮೆ ನೋಡಿದರು. ಕಣ್ಣಿಗೆ ಕಣ್ಣು ಸಿಕ್ಕಾಗ, ವಯಸ್ಸಾಯಿತು ಟೀಚರೇ ಎಂದು ನಕ್ಕರು. ಕೆಲವೇ ವಾರಗಳಲ್ಲಿ ಎರಡೂ ಕೈಯಿಂದ ಹಿಡಿಯುವ ಹಾಗಾಯಿತು. ಟಿಕೇಟಿನ ಮಶಿನಿನಲ್ಲಿ ಒಂದು ಒತ್ತಲು ಹೋಗಿ ಇನ್ನೊಂದು ಒತ್ತುತ್ತಿದ್ದರು. ಚಿಲ್ಲರೆ ಕೊಡುವ ಕೈ ನನ್ನ ಕೈಯನ್ನು ದಾಟಿ ಗಾಳಿಗೆ ಹೋಗುತ್ತಿತ್ತು. ನಿಲ್ದಾಣಗಳ ಹೆಸರು ಅವರ ಬಾಯಲ್ಲಿ ತೊದಲಾಗಿ, ಎಳೆದು ಎಳೆದು ಬರತೊಡಗಿತು. ಒಂದು ದಿನ ಡ್ರೈವರಿನ ಚಹಾ ಒಬ್ಬ ಹೆಂಗಸಿನ ಮಡಿಲಿನ ಮೇಲೆ ಚೆಲ್ಲಿತು. ಆ ದಿನ ಯಾರೂ ನಗಲಿಲ್ಲ.

ತೂರಾಡುವ ಕಾಲು, ತೊದಲುವ ನಾಲಿಗೆ, ಕೆಂಪಾದ ಕಣ್ಣು. ಇನ್ನೇನು ಬೇಕು? ಬಸ್ಸಿನಲ್ಲಿ ಪಿಸುಮಾತು ಶುರುವಾಯಿತು. ಕೆಲವರಿಗೆ ವಾಸನೆಯೂ ಬಂತು. ಇಲ್ಲದ ವಾಸನೆ ಅಷ್ಟೊಂದು ಮೂಗುಗಳಿಗೆ ಬಂದದ್ದು ಹೇಗೋ ನನಗೆ ತಿಳಿಯದು. ಕುಡಿದವರನ್ನು ನೋಡುತ್ತಲೇ ಬೆಳೆದವಳು ನಾನು. ಕುಡಿದವನು ತಾನು ಸರಿಯಾಗಿದ್ದೇನೆ ಎಂದು ತೋರಿಸಲು ಹೆಣಗುತ್ತಾನೆ, ಇವರು ತನಗೇನೋ ಆಗಿದೆ ಎಂದು ಹೆದರಿದ್ದರು. ಎರಡೂ ಬೇರೆ. ಅದನ್ನು ಬಸ್ಸಿನಲ್ಲಿ ನಾನು ಹೇಳಿದೆ, ಜೋರಾಗಿಯೇ ಹೇಳಿದೆ. ಟೀಚರಿಗೆ ಎಲ್ಲರೂ ಒಳ್ಳೆಯವರೇ ಎಂದರು ಒಬ್ಬರು. ನನ್ನ ವಿದ್ಯಾರ್ಥಿಗಳು ಯಾರಾದರೂ ಅಲ್ಲಿದ್ದಿದ್ದರೆ ಅದು ಶುದ್ಧ ಸುಳ್ಳೆಂದು ಹೇಳುತ್ತಿದ್ದರು.

ಧಣಿಗಳು ಕೆಟ್ಟವರಲ್ಲ. ಕರೆದು, ಸ್ವಲ್ಪ ದಿನ ಮನೆಯಲ್ಲಿರು, ಸರಿಯಾದ ಮೇಲೆ ಬಾ ಎಂದರಂತೆ. ಸರಿಯಾದ ಮೇಲೆ ಎಂದರೆ ಏನು ಅರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಹೊಸ ಕಂಡಕ್ಟರು ಬಂದ. ಸರಳು ಹಿಡಿದುಕೊಂಡೇ ಟಿಕೇಟು ಕೊಡುತ್ತಿದ್ದ.

ಮಳೆ ಹಿಡಿಯುವ ಮೊದಲು ಒಂದು ರಜಾದಿನ, ಡ್ರೈವರಿನಿಂದ ದಾರಿ ಕೇಳಿಕೊಂಡು ನಾನು ಕಾಪುವಿನ ಹತ್ತಿರದ ಮಟ್ಟುವಿಗೆ ಹೋದೆ. ಅವರು ಇದ್ದದ್ದು ಹೆಂಡತಿಯ ಮನೆಯಲ್ಲಿ. ಇಲ್ಲಿ ಅದು ವಿಶೇಷವಲ್ಲ, ಹೆಣ್ಣಿನ ಕಡೆಯಿಂದ ಮನೆ ಬರುವ ಕುಟುಂಬಗಳು ಬೇಕಾದಷ್ಟಿವೆ. ಆದರೂ ಹೊರಗಿನಿಂದ ಬಂದ ಗಂಡಸಿಗೆ ಅಂಥ ಮನೆಯಲ್ಲಿ ಇರುವ ಆಸ್ತಿ ಅವನ ಮರ್ಯಾದೆ ಒಂದೇ. ಮಕ್ಕಳಿರಲಿಲ್ಲ. ಅಂಗಳದ ಆಚೆ ಗುಳ್ಳದ, ಅಂದರೆ ಅಲ್ಲಿನ ದುಂಡು ಬದನೆಯ ಗದ್ದೆ, ಗಿಡಗಳು ಆಗ ಮುದಿಯಾಗಿ ನಿಂತಿದ್ದವು. ಅವರು ಜಗಲಿಯ ಕಂಬಕ್ಕೆ ಬೆನ್ನು ಒತ್ತಿ ಕುಳಿತಿದ್ದರು. ನನ್ನನ್ನು ಕಂಡು ಏಳಲು ಹೋಗಿ ಪಕ್ಕಕ್ಕೆ ವಾಲಿದರು. ಕೂತಲ್ಲೇ ಇರಿ ಎಂದೆ.

ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಗಂಡನ ಮುಖ ನೋಡಲಿಲ್ಲ. ಆ ಮನೆಯಲ್ಲಿ ನಡೆದದ್ದನ್ನು ಅವರೇ ನನಗೆ ಹೇಳಿದರು, ಹೆಂಡತಿಗೆ ಕೇಳಿಸುವ ಹಾಗೆ, ಎಳೆದೆಳೆದು.

ಕಾಪುವಿನ ಒಂದು ಕ್ಲಿನಿಕ್ಕಿಗೆ ಮನೆಯವರು ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಶಕ್ತಿಯ ಮಾತ್ರೆ ಕೊಟ್ಟು, ಕುಡಿಯುವುದನ್ನು ಬಿಡಲು ಹೇಳಿದರಂತೆ. ಬಂದ ಮೇಲೆ ಮನೆಯಲ್ಲಿ ದೊಡ್ಡ ಮಾತಾಯಿತು. ಹೆಂಡತಿಯ ಅಣ್ಣ ಆ ಮನೆಯ ಹಿರಿಯರು, ಇವರು ಭಾವ ಎಂದು ಕರೆಯುವವರು. ಅವರು ಒಂದೇ ಮಾತು ಹೇಳಿದರು: ಕುಡಿಯುವುದಿಲ್ಲವಾದರೆ ದೈವದ ಎದುರು ಹೇಳಲಿ. ಮನೆಯ ಹಿಂದೆ ಕುಟುಂಬದ ದೈವದ ಗುಡಿ ಇದೆ. ದೈವಕ್ಕೆ ತಂಬಿಲ ಕೊಡುವ ದಿನ, ಅಂದರೆ ವರ್ಷದ ಪೂಜೆ ಮಾಡಿ ಎಡೆ ಬಡಿಸುವ ದಿನ, ಕುಟುಂಬದವರು ನೆರೆಕರೆಯವರು ಎಲ್ಲ ಸೇರಿದ್ದರು. ಇವರು ಮಿಂದು ಒದ್ದೆಬಟ್ಟೆಯಲ್ಲಿ ಬಂದು ಗುಡಿಯ ಎದುರು ನಿಂತರು. ಕಾಲು ಜೋಡಿಸಿದರು, ಕೈ ಮುಗಿದರು, ಕಣ್ಣು ಮುಚ್ಚಿದರು. ಒಂದು ತೊಟ್ಟೂ ನಾಲಿಗೆಗೆ ಮುಟ್ಟಿಸಿದವನಲ್ಲ ಎಂದು ಹೇಳಿ ಮುಗಿಸುವುದಕ್ಕೂ ಕಡಿದ ಬಾಳೆಯ ಹಾಗೆ ಬೀಳುವುದಕ್ಕೂ ಸರಿಯಾಯಿತು.

ಯಾರೂ ಬೈಯಲಿಲ್ಲವಂತೆ. ಯಾರೂ ಹಿಡಿಯಲೂ ಇಲ್ಲವಂತೆ. ದೈವ ಬೀಳಿಸಿದವನನ್ನು ಮನುಷ್ಯರು ಎತ್ತುವುದು ಹೇಗೆ? ಇವರೇ ಕೈಯೂರಿ ಎದ್ದು, ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದರು. ಅವತ್ತಿನಿಂದ ಹೆಂಡತಿ ಮಾತು ಬಿಟ್ಟಿದ್ದರು. ಅನ್ನ ಬಡಿಸುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಾತಿಲ್ಲ. ಆ ಹೆಂಗಸನ್ನು ನಾನು ದೂರುವುದಿಲ್ಲ. ದೈವದ ಎದುರು ಸುಳ್ಳು ಹೇಳಿದ ಗಂಡ ಎಂದು ನಂಬಿದ ಮೇಲೆ ಅವಳ ಪಾಲಿಗೆ ಉಳಿಯುವುದೇನು?

"ನಾನು ಕುಡಿಯಲಿಲ್ಲ ಟೀಚರೇ, ಅದು ನನಗೆ ಗೊತ್ತುಂಟು" ಎಂದರು ಅವರು. "ಆದರೆ ದೈವ ಬೀಳಿಸಿದ್ದೂ ಹೌದಲ್ಲ. ಹಾಗಾದರೆ ನಾನು ಎಂತ ತಪ್ಪು ಮಾಡಿದ್ದು? ಅದೊಂದು ಗೊತ್ತಾಗುವುದಿಲ್ಲ."

ಕೂತು ಕೂತು ಹಳೆಯ ತಪ್ಪುಗಳನ್ನೆಲ್ಲ ಹುಡುಕುತ್ತಿದ್ದರಂತೆ. ಯಾವುದೋ ಮುದುಕಿಯನ್ನು ಮಳೆಯಲ್ಲಿ ಹತ್ತಿಸದೆ ಬಂದದ್ದು, ಯಾರಿಗೋ ಗದರಿದ್ದು. ಇಷ್ಟಕ್ಕೆ ಇಷ್ಟು ದೊಡ್ಡ ಶಿಕ್ಷೆ ಇರಲಾರದು ಎಂದು ಮತ್ತೆ ಹುಡುಕುವುದು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವರ ಹೆಂಡತಿಯ ಕೈ ಹಿಡಿದು, ಅಕ್ಕಾ, ನಾಳೆ ಇವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗೋಣ, ನಾನೂ ಬರುತ್ತೇನೆ ಎಂದೆ. ಆಗಲಿ ಟೀಚರೇ ಎಂದರು. ನನ್ನ ಮೇಲಿನ ದಾಕ್ಷಿಣ್ಯಕ್ಕೆ ಎಂದದ್ದು, ನಂಬಿಕೆಯಿಂದಲ್ಲ.

ಮಣಿಪಾಲದ ದೊಡ್ಡಾಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಮೊದಲು ತನ್ನ ಬೆರಳು ಮುಟ್ಟಿ ಆಮೇಲೆ ಮೂಗು ಮುಟ್ಟಲು ಹೇಳಿದಳು. ಇವರ ಬೆರಳು ಮೂಗಿನ ಬದಲು ಕೆನ್ನೆಗೆ ಹೋಯಿತು. ಆಮೇಲೆ ಎದ್ದು ನಿಂತು, ಕಾಲು ಜೋಡಿಸಿ, ಕಣ್ಣು ಮುಚ್ಚಿ ಎಂದಳು. ತಾನು ಅವರ ಹಿಂದೆ ಎರಡೂ ಕೈ ಚಾಚಿ ನಿಂತಳು. ಬಿದ್ದರೆ ನಾನು ಹಿಡಿಯುತ್ತೇನೆ, ಹೆದರಬೇಡಿ ಎಂದಳು.

ಕಾಲು ಜೋಡಿಸಿ ಕಣ್ಣು ಮುಚ್ಚುವಾಗ ಅವರ ಕೈಗಳು ತಾವಾಗಿಯೇ ಮುಗಿದುಕೊಂಡವು. ಅಭ್ಯಾಸ ಬಲ. ಒಂದು ಉಸಿರು ತೆಗೆಯುವಷ್ಟು ಹೊತ್ತು ನಿಂತಿರಬೇಕು, ಹಾಗೇ ಒಂದು ಬದಿಗೆ ಹೋದರು. ಡಾಕ್ಟರು ಹಿಡಿದಳು. ನನ್ನ ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿಯ ಬಾಯಿಂದ ಒಂದು ಸಣ್ಣ ಸದ್ದು ಬಂತು. ಗುಡಿಯ ಎದುರು ನೋಡಿದ ಬೀಳುವಿಕೆಯೇ ಅದು, ಅದೇ ಬದಿಗೆ, ಅದೇ ಮುಗಿದ ಕೈಯಲ್ಲಿ. ಇಲ್ಲಿ ಗುಡಿ ಇರಲಿಲ್ಲ, ಬಿಳಿ ಟೈಲ್ಸಿನ ನೆಲ ಇತ್ತು, ಗೋಡೆಯ ಮೇಲೆ ಕೈ ತೊಳೆಯುವ ಕ್ರಮದ ಚಿತ್ರ ಇತ್ತು. ಆಕೆ ಎದ್ದುಹೋಗಿ ಗಂಡನ ಇನ್ನೊಂದು ತೋಳು ಹಿಡಿದರು. ತಿಂಗಳುಗಳ ಮೇಲೆ ಅವರನ್ನು ಮುಟ್ಟಿದ್ದು ಅದೇ ಮೊದಲು ಎಂದು ಆಮೇಲೆ ನನಗೆ ಹೇಳಿದ್ದರು.

ಪರೀಕ್ಷೆಗಳಿಗೆ ಕೆಲವು ದಿನ ಹಿಡಿಯಿತು. ತಲೆಯ ಸ್ಕ್ಯಾನು, ಬೆನ್ನಿನಿಂದ ನೀರು, ರಕ್ತ, ಕೊನೆಗೆ ಎದೆಯ ಸ್ಕ್ಯಾನು. ಕಾಲಿನ ತೊಂದರೆಗೆ ಎದೆಯನ್ನು ಯಾಕೆ ನೋಡುತ್ತಾರೆಂದು ನನಗೂ ಅರ್ಥವಾಗಿರಲಿಲ್ಲ. ಎಲ್ಲ ಬಂದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದಳು. ಎದೆಯಲ್ಲಿ, ಶ್ವಾಸಕೋಶದ ಹತ್ತಿರ ಒಂದು ಗಡ್ಡೆ ಇದೆ. ಸಣ್ಣದು, ಆದರೆ ಕ್ಯಾನ್ಸರು. ತಲೆಗೇನೂ ಹರಡಿಲ್ಲ. ಗಡ್ಡೆಯ ವಿರುದ್ಧ ಹೋರಾಡಲು ಇವರ ರಕ್ತ ತನ್ನಷ್ಟಕ್ಕೇ ಒಂದು ಅಸ್ತ್ರ ತಯಾರಿಸಿಕೊಂಡಿದೆ. ಗಡ್ಡೆಯ ಮೇಲೆ ಇರುವಂಥದ್ದೇ ಗುರುತು ತಲೆಯ ಹಿಂಭಾಗದ ಕಿರುಮಿದುಳಿನಲ್ಲೂ ಇರುವುದರಿಂದ, ಆ ಅಸ್ತ್ರ ಅದನ್ನೂ ಶತ್ರುವೆಂದೇ ತಿಳಿದು ಹೊಡೆದುಹಾಕಿದೆ. ನಿಲ್ಲುವುದು, ನಡೆಯುವುದು, ಕೈ ಗುರಿ ಮುಟ್ಟುವುದು, ಮಾತು ಸ್ಪಷ್ಟವಾಗುವುದು ಎಲ್ಲ ಅಲ್ಲಿಂದಲೇ ನಡೆಯುವ ಕೆಲಸ. ಹೀಗಾಗುವುದು ಅಪರೂಪ, ಆದರೆ ಆಗುತ್ತದೆ, ಎಷ್ಟೋ ಸಲ ಗಡ್ಡೆ ಪತ್ತೆಯಾಗುವ ಮೊದಲೇ ಆಗುತ್ತದೆ ಎಂದಳು.

ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಅಂದರೆ ಟಿಕೇಟು ಇಲ್ಲದವನನ್ನು ಇಳಿಸಲಿಕ್ಕೆ ಹೋಗಿ ಟಿಕೇಟು ಇದ್ದವನನ್ನೂ ಇಳಿಸಿದ ಹಾಗೆ, ಅಲ್ವಾ ಡಾಕ್ಟ್ರೇ?"

ಡಾಕ್ಟರು ಸ್ವಲ್ಪ ಯೋಚಿಸಿ, ಹೌದು, ಹಾಗೆಯೇ ಎಂದಳು. ಕ್ಯಾನ್ಸರೆಂದು ಕೇಳಿದ ಮನುಷ್ಯ ಮುಂದೆ ಕೇಳುವುದೇನು? ಎಷ್ಟು ದಿನ, ಎಷ್ಟು ಖರ್ಚು, ವಾಸಿಯಾಗುತ್ತದೆಯೇ. ಅವರು ಇದಾವುದನ್ನೂ ಕೇಳಲಿಲ್ಲ.

"ಹಾಗಾದರೆ ಇದು ಕುಡಿದು ಆದದ್ದಲ್ಲ ಎಂದು ನೀವು ಒಮ್ಮೆ ಇವಳ ಹತ್ತಿರ ಹೇಳಿ" ಎಂದರು.

ಡಾಕ್ಟರು ನನ್ನ ಮುಖ ನೋಡಿದಳು. ಅವಳಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಆದರೂ ಒಳ್ಳೆಯ ಹುಡುಗಿ, ಅವರ ಹೆಂಡತಿಯ ಕಡೆ ತಿರುಗಿ, ಕುಡಿತಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲಮ್ಮ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅವರು ನಕ್ಕರು. ಕ್ಯಾನ್ಸರಿನ ಸುದ್ದಿ ಕೇಳಿ, ಮನೆಗೆ ಮಗು ಬಂದಷ್ಟು ಹಿಗ್ಗಿ ನಕ್ಕವರನ್ನು ನಾನು ಬೇರೆಲ್ಲೂ ನೋಡಿಲ್ಲ. ತನ್ನ ಸಾವಿನ ಕಾಗದವನ್ನು ಆ ಮನುಷ್ಯ ಬಿಡುಗಡೆಯ ಕಾಗದದ ಹಾಗೆ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು.

ಗಾಲಿಕುರ್ಚಿಯಲ್ಲಿ ಹೊರಗೆ ಬರುವಾಗ ಮೆಲ್ಲಗೆ ಕೇಳಿದರು, ಹಾಗಾದರೆ ದೈವ ಬೀಳಿಸಿದ್ದಲ್ಲ, ಅಲ್ವಾ ಟೀಚರೇ ಎಂದು. ಅಲ್ಲವೇ ಅಲ್ಲ ಎಂದೆ. ದೈವಕ್ಕೆ ಗೊತ್ತಿತ್ತು, ಅದಕ್ಕೆ ಬಾಯಿಲ್ಲ ಅಷ್ಟೇ ಎಂದು ತಾವೇ ಹೇಳಿಕೊಂಡರು.

ಚಿಕಿತ್ಸೆ ನಡೆಯಿತು. ಕೂದಲು ಹೋಯಿತು, ಬಾಯಿ ಹುಣ್ಣಾಯಿತು. ಗಡ್ಡೆ ಕರಗುತ್ತಿದೆ ಎಂದು ಡಾಕ್ಟರುಗಳು ಸಂತೋಷಪಟ್ಟರು, ಆದರೆ ಕಾಲು ಮಾತ್ರ ಮರಳಲಿಲ್ಲ. ಕಿರುಮಿದುಳಿನಲ್ಲಿ ಸತ್ತದ್ದು ಸತ್ತಂತೆಯೇ, ಅದು ಮತ್ತೆ ಹುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹೆಂಡತಿಯೇ ಎತ್ತಿ ಕೂರಿಸಿ, ಉಣಿಸಿ, ಮೀಯಿಸಿ ನೋಡಿಕೊಂಡರು. ಮಾತು ಬಿಟ್ಟಿದ್ದ ತಿಂಗಳುಗಳ ಮಾತನ್ನೆಲ್ಲ ಈಗ ಆಡಿ ತೀರಿಸುವವರ ಹಾಗೆ ದಿನವಿಡೀ ಅವರ ಹತ್ತಿರ ಮಾತಾಡುತ್ತಿದ್ದರು. ನಾನು ರಜೆಗಳಲ್ಲಿ ಹೋದರೆ ಅವರು ಬಸ್ಸಿನ ಸುದ್ದಿ ಕೇಳುತ್ತಿದ್ದರು. ಹಿರಿಯಡ್ಕದ ಚಹಾ ಈಗ ಯಾರು ಕೊಡುತ್ತಾರೆ, ಸಂಜೆಯ ಕುಡುಕರನ್ನು ಹೊಸ ಹುಡುಗ ದಾರಿಯಲ್ಲಿ ಇಳಿಸುತ್ತಾನಾ ಎಂದು. ಇಳಿಸುವುದಿಲ್ಲ ಎಂದು ಸುಳ್ಳು ಹೇಳಿದೆ. ಅವರನ್ನೇ ಆ ಬಸ್ಸಿನಿಂದ ಇಳಿಸಿದ್ದರೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು, ಅದನ್ನು ಇಬ್ಬರೂ ಆಡಲಿಲ್ಲ.

ಹೆಂಡತಿಗೆ ಗೊತ್ತಾಯಿತು, ಆದರೆ ಊರಿಗೆ ಹೇಗೆ ತಿಳಿಸುವುದು? ನಿಮ್ಮ ದೈವದ ತೀರ್ಪು ತೀರ್ಪಲ್ಲ, ಅದು ರಕ್ತದೊಳಗಿನ ಒಂದು ವಿಷಯ ಎಂದು ಯಾರ ಮನೆಗೆ ಹೋಗಿ ಹೇಳುವುದು? ಭಾವನಿಗೆ ತಂಗಿ ಹೇಳಿದಾಗ ಅವರು ನೆಲ ನೋಡುತ್ತ ಕೇಳಿ ಎದ್ದುಹೋದರಂತೆ. ಕಾಯಿಲೆಯ ಹೆಸರು ಹೊರಗೆ ಬಿದ್ದದ್ದೇ ತಡ, ಊರಿನ ಮಾತು ಇನ್ನೊಂದು ಮಗ್ಗುಲಿಗೆ ಹೊರಳಿಕೊಂಡಿತು. ಕುಡಿದು ಕುಡಿದೇ ಕ್ಯಾನ್ಸರು ಬಂದದ್ದು ಎಂದರು. ಅವರ ಕಿವಿಗೆ ಅದು ಬಿದ್ದ ಸಂಜೆ ನಾನು ಅಲ್ಲಿದ್ದೆ. ಗುಳ್ಳದ ಗದ್ದೆಯನ್ನು ನೋಡುತ್ತ, ಇನ್ನು ನನ್ನಿಂದ ಹೇಳಲಿಕ್ಕೆ ಆಗುವುದಿಲ್ಲ ಟೀಚರೇ, ಇನ್ನು ಯಾರಾದರೂ ಹೇಳಬೇಕಷ್ಟೆ ಎಂದರು. ಹೆಂಡತಿ ಪಕ್ಕದಲ್ಲೇ ಕೂತು ಅವರಿಗೆ ಗಂಜಿ ಕುಡಿಸುತ್ತಿದ್ದರು. ಚಮಚ ಹಿಡಿದ ಕೈ ಒಮ್ಮೆ ನಿಂತು ಮತ್ತೆ ಮುಂದುವರಿಯಿತು.

ಆಮೇಲೆ ಹೆಚ್ಚು ದಿನ ಇರಲಿಲ್ಲ. ನುಂಗಲು ಕಷ್ಟವಾಗಿ, ಎದೆಗೆ ಕಫ ಕಟ್ಟಿ, ಹೆಂಡತಿಯ ಕೈಯಲ್ಲೇ ಹೋದರು.

ಇಲ್ಲಿ ಬೊಜ್ಜ ಎಂದು ಮಾಡುತ್ತಾರೆ, ಸತ್ತವರ ಉತ್ತರಕ್ರಿಯೆ. ಅದಕ್ಕೆ ನಾನು, ಡ್ರೈವರು, ಬಸ್ಸಿನ ಇನ್ನೂ ಕೆಲವರು ಹೋದೆವು. ಆ ಮನೆಯ ಕ್ರಮದಲ್ಲಿ ಒಳಕೋಣೆಯಲ್ಲಿ ಸತ್ತವರಿಗೆಂದು ಒಂದು ಬಾಳೆಲೆ ಹಾಕಿ, ಮಾಡಿದ ಅಡುಗೆಯನ್ನೆಲ್ಲ ಬಡಿಸಿ, ಬಾಗಿಲು ಮುಚ್ಚುತ್ತಾರೆ. ಹೋದವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಿಟ್ಟು ತೆರೆಯುತ್ತಾರೆ. ಗಂಡಸರ ಎಲೆಯ ಪಕ್ಕದಲ್ಲಿ ಒಂದು ಲೋಟ ಕಳ್ಳು ಇಡುವುದೂ ಕ್ರಮ. ಭಾವ ಒಂದೊಂದಾಗಿ ಬಡಿಸಿದರು. ಅನ್ನ, ಕೋಳಿ ಸಾರು, ಗುಳ್ಳದ ಪಲ್ಯ. ಕೊನೆಗೆ ಲೋಟ ಇಟ್ಟು ಕಳ್ಳು ತುಂಬಿಸಿದರು. ಬೇಕೆಂದು ಮಾಡಿದ್ದಲ್ಲ, ಹಿರಿಯರು ಮಾಡಿಕೊಂಡು ಬಂದದ್ದನ್ನು ಕೈ ತಾನಾಗಿ ಮಾಡಿತು. ಬಾಗಿಲ ಹೊರಗೆ ಕುಟುಂಬದವರು, ನೆರೆಕರೆಯವರು ತುಂಬಿ ನಿಂತಿದ್ದರು. ಅವತ್ತು ಗುಡಿಯ ಎದುರು ನಿಂತವರೇ ಬಹಳ ಜನ.

ಮೂಲೆಯಲ್ಲಿ ಕುಳಿತಿದ್ದ ಅವರ ಹೆಂಡತಿ ಎದ್ದು ಬಂದರು. ಬಗ್ಗಿ ಲೋಟ ಎತ್ತಿಕೊಂಡರು. ಒಬ್ಬ ಹಿರಿಯರು ಬಾಗಿಲಿನಿಂದಲೇ ಮೆತ್ತಗೆ ತಡೆದರು. ಅದು ಕ್ರಮ ಮಗಾ, ಕುಡಿಯಲಿ ಬಿಡಲಿ ಇಡಬೇಕು, ಇಲ್ಲದಿದ್ದರೆ ಅವನು ಎಲೆ ಮುಟ್ಟುವುದಿಲ್ಲ ಎಂದರು.

"ಮುಟ್ಟದಿದ್ದರೆ ಬೇಡ" ಎಂದರು ಆಕೆ. ತುಳುವಿನಲ್ಲಿ ಹೇಳಿದ್ದು, ನನಗೆ ಅರ್ಥವಾಗುವಷ್ಟು ತುಳುವನ್ನು ಅವರ ಗಂಡನೇ ಕಲಿಸಿದ್ದರು. "ಇವರು ಕುಡಿಯುವವರಲ್ಲ. ಆ ದಿನ ದೈವದ ಎದುರು ಹೇಳಿದ್ದು ಸತ್ಯ. ಬಿದ್ದದ್ದು ಕಾಯಿಲೆಯಿಂದ. ಹಿಡಿಯಬೇಕಾದವಳು ನಾನು, ಹಿಡಿಯಲಿಲ್ಲ."

ಆಕೆ ಕಿಟಕಿಯ ಹೊರಗೆ ಕಳ್ಳನ್ನು ಚೆಲ್ಲಿ, ಲೋಟವನ್ನು ಸೆರಗಿನಲ್ಲಿ ಒರೆಸಿ, ಎಲೆಯ ಬಲಕ್ಕೆ ಬೋರಲು ಹಾಕಿದರು. ಭಾವ ಕಳ್ಳಿನ ಪಾತ್ರೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬಾರದೆ ಇದ್ದಾಗ ಡ್ರೈವರು ಹೋಗಿ ನೋಡಿಬಂದು, ಗುಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾರೆ ಎಂದರು.

ಬಾಗಿಲು ಮುಚ್ಚಿದರು. ನಾವೆಲ್ಲ ಹೊರಗೆ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಬಾಗಿಲು ತಟ್ಟಿ ತೆರೆದರು. ಎಲ್ಲರೂ ಇಣುಕಿ ನೋಡಿದರು, ನಾನೂ ನೋಡಿದೆ. ದೀಪ ಉರಿಯುತ್ತಿತ್ತು. ಅನ್ನದ ಮೇಲಿನ ಹಬೆ ಆರಿತ್ತು. ಲೋಟ ಬೋರಲಾಗಿಯೇ ಇತ್ತು.